ರಾಜಮತಿಯ ವಿರಹಗೀತೆ

ವೈರಾಗ್ಯವನ್ನೇ ಪರಮಗುರಿಯೆಂದು ಸಾರುವ ಜೈನ ವಾಙ್ಮಯದಲ್ಲಿ ವಿರಹಗೀತೆಗೆ ಸ್ಥಾನವೆಲ್ಲಿಯದೆಂದು ಪ್ರಶ್ನಿಸುವವರುಂಟು. ನೇಮಿ-ರಾಜಮತಿಯರ ಪದಗಳನ್ನು ಜಿನಾಲಯದಲ್ಲಿ ಹಾಡುವಾಗ ಆಕೆಯ ಅಳಲನ್ನು ಬಿಟ್ಟು ದೀಕ್ಷೆಯ ಭಾಗವನ್ನಷ್ಟೇ ಹಾಡಿದರೆ ಸಾಕೆಂಬ ಅಭಿಪ್ರಾಯವೂ ಕೇಳಿಬರುತ್ತದೆ. ಇದು ಒಪ್ಪತಕ್ಕ ಮಾತಲ್ಲ. ಏನನ್ನು ತ್ಯಜಿಸಿದಳೆಂಬುದೇ ತಿಳಿಯದಿದ್ದರೆ ಆಕೆಯ ತ್ಯಾಗದ ತೂಕವಾದರೂ ತಿಳಿಯುವುದೆಂತು?

ಕಥೆ ವಾಚಕರಿಗೆ ಪರಿಚಿತವೇ. ಉಗ್ರಸೇನನ ಮಗಳನ್ನು ವರಿಸಲು ಹೊರಟ ನೇಮಿಕುಮಾರನು ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳನ್ನು ಕಂಡು ಹಿಂದಿರುಗಿ, ರೈವತಕಗಿರಿಯಲ್ಲಿ ತಪಸ್ಸಿಗೆ ನಿಂತನು. ಮೂಕಜೀವಿಗಳಿಗೆ ಅಭಯ ದೊರೆಯಿತು. ಯಾವ ತಪ್ಪನ್ನೂ ಮಾಡದ ಕನ್ಯೆಯೊಬ್ಬಳ ಬಾಳು ಮುರಿಯಿತು. ಇಲ್ಲಿ ದೂರಲು ಅಪರಾಧಿಯೇ ಇಲ್ಲ. ಈ ದುಃಖ ಇಷ್ಟು ತೀವ್ರವಾಗಿರುವುದು ಆ ಕಾರಣದಿಂದಲೇ.

13ನೆಯ ಶತಮಾನದಲ್ಲಿ ವಿನಯಚಂದ್ರ ಸೂರಿಯು ಹಳೆಯ ಗುಜರಾತಿಯಲ್ಲಿ ರಚಿಸಿದ ‘ನೇಮಿನಾಥ ಚತುಷ್ಪದಿಕಾ’ 40 ಪದ್ಯಗಳ ಕಿರುಕೃತಿ. ಹನ್ನೆರಡು ತಿಂಗಳ ವಿರಹವನ್ನು ಹಾಡುವ ಬಾರಾಮಾಸಾ ಎಂಬ ಪ್ರಕಾರಕ್ಕೆ ಸೇರಿದ್ದು. ಶ್ರಾವಣದಿಂದ ತೊಡಗಿ ತಿಂಗಳು ತಿಂಗಳೂ ರಾಜಮತಿಗೂ ಸಖಿಗೂ ಸಂವಾದ ನಡೆಯುತ್ತದೆ. ಹೋದವನಿಗಾಗಿ ಅಳುವುದೇಕೆ, ಬೇರೆ ವರರಿಲ್ಲವೇ ಎಂಬುದು ಸಖಿಯ ವಾದ. (ನಿಶ್ಚಿತಾರ್ಥ ಮುರಿದ ಮನೆಗಳಲ್ಲಿ ಹಿರಿಯರಾದ ನಾವು ಆಡುವುದೂ ಇದೇ ಮಾತನ್ನು, ಸದುದ್ದೇಶದಿಂದಲೇ ಆಡುತ್ತೇವೆ.) ಕವಿ ಸಖಿಯನ್ನು ಹಾಸ್ಯಾಸ್ಪದಳನ್ನಾಗಿ ಮಾಡಿಲ್ಲ. ಲೋಕವಿವೇಕವನ್ನೇ ಆಕೆಯಿಂದ ನುಡಿಸಿ, ಅದು ರಾಜಮತಿಯ ಎದೆಯನ್ನು ಮುಟ್ಟಲಾರದೆಂಬುದನ್ನು ತೋರಿಸಿದ್ದಾನೆ. ಲೌಕಿಕ ಬಾರಾಮಾಸಾಗಳಲ್ಲಿ ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಪತಿ ಮನೆಗೆ ಮರಳುತ್ತಾನೆ. ಇಲ್ಲಿ ಅವನು ಮರಳುವುದಿಲ್ಲ. ಆಕೆಯೇ ಗಿರಿನಾರಿನತ್ತ ಹೊರಡುತ್ತಾಳೆ.

ವಿಕ್ರಮಕವಿಯ ಸಂಸ್ಕೃತ ‘ನೇಮಿದೂತ’ದ ರೀತಿ ಬೇರೆ. ಪ್ರತಿ ಪದ್ಯದ ಕೊನೆಯ ಪಾದವನ್ನು ಕಾಳಿದಾಸನ ‘ಮೇಘದೂತ’ದಿಂದ ಎತ್ತಿಕೊಂಡು ರಾಜಮತಿಯ ಮೊರೆಗೆ ಹೊಂದಿಸಲಾಗಿದೆ. ಇದಕ್ಕೂ ಬಹು ಹಿಂದೆ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜಿನಸೇನಾಚಾರ್ಯರು ‘ಪಾರ್ಶ್ವಾಭ್ಯುದಯ’ದಲ್ಲಿ ಇಡೀ ಮೇಘದೂತವನ್ನೇ ಅಳವಡಿಸಿದ್ದುಂಟು. ನೇಮಿದೂತದ ಪಾಂಡಿತ್ಯ ಮೆಚ್ಚತಕ್ಕದ್ದೇ. ಆದರೆ ದ್ವಾರಕೆಗೆ ಮರಳುವ ದಾರಿಯ ವರ್ಣನೆ ಬೆಳೆದಂತೆ ಅಳಲು ಸಡಿಲಾಗುತ್ತದೆ. ಅಲ್ಲದೆ ಯಕ್ಷನ ಶಾಪಕ್ಕೆ ಒಂದು ವರ್ಷದ ಗಡುವಿತ್ತು. ವ್ಯಾಪಾರಿಯ ಮಾತಿನಲ್ಲಿ ಹೇಳುವುದಾದರೆ ಅವನದು ವಾಯಿದೆಯುಳ್ಳ ಸಾಲ. ರಾಜಮತಿಯ ವಿರಹಕ್ಕೆ ವಾಯಿದೆಯೇ ಇಲ್ಲ. ಎರವಲು ತಂದ ಪಾದಗಳಿಗೆ ಈ ಭೇದವನ್ನು ಹೊರುವ ಶಕ್ತಿ ಎಲ್ಲ ಕಡೆಯೂ ಬಂದಿಲ್ಲ. ವಿನಯಚಂದ್ರನ ಸರಳ ಪದಗಳೇ ಮೇಲೆಂದು ನನ್ನ ಎಣಿಕೆ.

ಅಳಲನ್ನು ಬಿಡಬೇಕೆನ್ನುವವರು ಶ್ವೇತಾಂಬರ ಆಗಮವಾದ ಉತ್ತರಾಧ್ಯಯನ ಸೂತ್ರದ 22ನೆಯ ಅಧ್ಯಯನವನ್ನೊಮ್ಮೆ ನೋಡಬಹುದು. ನೇಮಿಯ ಪ್ರವ್ರಜ್ಯೆಯ ಸುದ್ದಿ ಕೇಳಿ ರಾಜಮತಿಯ ನಗೆ ಉಡುಗಿತೆಂದು ಆಗಮವೇ ಹೇಳುತ್ತದೆ. ಮುಂದೆ ಸಾಧ್ವಿಯಾದ ಆಕೆ ರೈವತಕವನ್ನೇರುವಾಗ ಮಳೆಯಲ್ಲಿ ತೊಯ್ದು ಗುಹೆಯೊಂದನ್ನು ಹೊಗುತ್ತಾಳೆ. ಅಲ್ಲಿ ಆಕೆಯನ್ನು ಕಂಡು ಮೋಹಗೊಂಡ ನೇಮಿಯ ಸಹೋದರ ರಥನೇಮಿಯನ್ನು ತನ್ನ ಮಾತಿನಿಂದಲೇ ಧರ್ಮಕ್ಕೆ ಮರಳಿಸುತ್ತಾಳೆ. ಗೀತೆಯ ಶ್ರಾವಣದಲ್ಲಿ ಆಕೆಯನ್ನು ಅಳಿಸಿದ್ದೂ ಮಳೆಯೇ.