ಬೆನ್ನ ಹಿಂದಣ ನೋಟ

ಊರಿನಿಂದ ಹೊರಟು ಊಟದ ಹೊತ್ತಿಗೆ ಮರಳಬಹುದಾದಷ್ಟು ಸಮೀಪದ ಬೆಟ್ಟಗಳ ವಿಷಯದಲ್ಲಿ ನಮ್ಮ ಜನರ ಅಭಿರುಚಿ ಯಾವ ನೆಲೆಗೆ ಬಂದು ನಿಂತಿದೆಯೆಂಬುದನ್ನು ಅರಿಯಬಯಸುವವರು ಭಾನುವಾರ ನಸುಕಿನಲ್ಲಿ ನಂದಿಬೆಟ್ಟದ ತಪ್ಪಲಿಗೆ ಹೋಗಿ ನಿಲ್ಲಬೇಕು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದಾರಿಯನ್ನು ಕತ್ತಲೆಯಲ್ಲಿಯೇ ಸವೆಸಿ ಬಂದ ಕಾರುಗಳೂ ಬೈಕುಗಳೂ ಗೇಟಿನ ಮುಂದೆ ಸಾಲುಗಟ್ಟಿರುತ್ತವೆ. ಗೇಟು ತೆರೆದೊಡನೆ ತಿರುವುಗಳನ್ನೇರಿ, ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ಆ ಬಂಡೆಯ ಅಂಚಿನಲ್ಲಿ ಹಾಕಿರುವ ಕಂಬಿಗೆ ಎದೆಯಾನಿಸಿ ಜನರು ಸೂರ್ಯನನ್ನು ಕಾಯುತ್ತಾರೆ. ಎಷ್ಟೋ ದಿನ ಸೂರ್ಯ ಬಾರನು; ಮಂಜು ಬರುತ್ತದೆ. ಕಾದವರು ಆ ಬಿಳಿಯ ಗೋಡೆಯನ್ನೇ ಬೆನ್ನಿಗಿಟ್ಟುಕೊಂಡು ಫೋಟೋ ತೆಗೆಸಿಕೊಂಡು, ಅದ್ಭುತವೆಂದು ಉದ್ಗರಿಸಿ, ತಟ್ಟೆ ಇಡ್ಲಿ ಅರಸುತ್ತ ಇಳಿದುಹೋಗುತ್ತಾರೆ.

ನಂದಿಯ ಮೇಲೆ ನನಗೆ ದ್ವೇಷವಿಲ್ಲ. ಮೈಸೂರು ಸೀಮೆಯ ಕಮಿಷನರಾಗಿದ್ದ ಕಬ್ಬನ್ ಅಲ್ಲಿ ಮನೆ ಮಾಡಿಕೊಂಡುದು, 1927ರಲ್ಲಿ ಕಾಯಿಲೆಯಿಂದ ಬಳಲಿದ್ದ ಗಾಂಧೀಜಿ ಅಲ್ಲಿ ವಾರಗಟ್ಟಲೆ ತಂಗಿದ್ದುದು, ಇವೆಲ್ಲ ಎಲ್ಲರೂ ಬಲ್ಲ ಸಂಗತಿಗಳೇ. ಆದರೆ ಅವರು ಬಂದುದು ತಂಪಿಗಾಗಿ, ವಿಶ್ರಾಂತಿಗಾಗಿ. ಗಾಳಿಯಿಂದ ಸಂಪಾದಿಸಿದ ಕೀರ್ತಿಯನ್ನು ನೋಟದ ಹೆಸರಿಗೆ ಜಮಾ ಮಾಡಿದವರು ಈಚಿನ ನಾವು. ವಾಹನವು ತುದಿಯವರೆಗೆ ಹೊತ್ತು ತಂದು ಕಂಬಿಯ ಮುಂದಿಳಿಸಿದಾಗ ಒಮ್ಮೆಗೇ ತೆರೆದುಕೊಳ್ಳುವ ದೃಶ್ಯವು, ಕಾವ್ಯವನ್ನು ಓದದವನ ಕೈಗೆ ಅದರ ಕಟ್ಟಕಡೆಯ ಪದ್ಯವೊಂದನ್ನೇ ಹರಿದು ಕೊಟ್ಟಂತೆ. ಪದ್ಯ ಚೆನ್ನಾಗಿಯೇ ಇರಬಹುದು, ಅದಕ್ಕೆ ಹಿಂದುಮುಂದಿಲ್ಲ. ಸುಲ್ತಾನಪೇಟೆಯ ಕಡೆಯಿಂದ ಅದೇ ಬೆಟ್ಟಕ್ಕೆ ಹಳೆಯ ಮೆಟ್ಟಿಲ ದಾರಿಯೊಂದುಂಟೆಂಬುದನ್ನು ಕಂಬಿಯ ಬಳಿ ನಿಂತವರಲ್ಲಿ ಕೇಳಿ ನೋಡಿ.

ನಾನು ಎತ್ತಿ ಹೇಳಬೇಕೆಂದಿರುವ ಕೃತಿ ಬೇರೆ. ಅದು ಮೈಸೂರಿನ ಚಾಮುಂಡಿಬೆಟ್ಟದ ಮೆಟ್ಟಿಲ ಸಾಲು. ಕೃತಿಯೆಂದುದು ಬಾಯಿತಪ್ಪಿ ಬಂದ ಮಾತಲ್ಲ. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ, ಊರಿನ ಮಟ್ಟದಿಂದ ಮುನ್ನೂರು ಮೀಟರಿನಷ್ಟು ಮೇಲಕ್ಕೊಯ್ಯುವ ಈ ಕಲ್ಲಿನ ರಚನೆಯನ್ನು ಭಕ್ತರು ಹರಕೆಯೆಂದೂ ಆರೋಗ್ಯಾಕಾಂಕ್ಷಿಗಳು ವ್ಯಾಯಾಮವೆಂದೂ ಬಳಸಿದರೇ ಹೊರತು, ನೋಟವನ್ನು ಹೀಗೆ ಹಂತಹಂತವಾಗಿ ಹವಣಿಸಿ ಕೊಡುವ ಸಾಧನವು ನಮ್ಮ ನಾಡಿನ ಊರಂಚಿನ ಬೆಟ್ಟಗಳಲ್ಲಿ ಬೇರೊಂದಿಲ್ಲವೆಂಬುದನ್ನು ಯಾರೂ ವಿವೇಚಿಸಿದಂತೆ ಕಾಣದು.

ಅದರ ತಂತ್ರವೆಲ್ಲ ಒಂದು ಸಂಗತಿಯಲ್ಲಿ ಅಡಗಿದೆ: ಹತ್ತುವವನ ಬೆನ್ನು ಊರಿನ ಕಡೆಗಿರುತ್ತದೆ. ಪಾದದಲ್ಲಿ ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲಿಗೆ ಕಾಲಿಟ್ಟವನಿಗೆ ಮುಂದೆ ಕಾಣುವುದು ಕಲ್ಲು, ಕುರುಚಲು ಗಿಡ, ಮೇಲೇರುತ್ತಿರುವ ಮತ್ತೊಬ್ಬರ ಹಿಮ್ಮಡಿ, ಇಷ್ಟೆ. ಮೊದಲ ಇನ್ನೂರು ಮುನ್ನೂರು ಮೆಟ್ಟಿಲುಗಳೇ ಇಡೀ ದಾರಿಯಲ್ಲಿ ಅತ್ಯಂತ ಕಡಿದಾದವು. ಒಂದು ಗೇಣೆತ್ತರವಾದರೆ ಮತ್ತೊಂದು ಮೊಣಕಾಲು ನೋಯಿಸುವಷ್ಟು, ಒಂದು ಅಂಗಾಲು ಜಾರುವಷ್ಟು ನುಣುಪಾದರೆ ಮತ್ತೊಂದು ಉಳಿಯ ಏಟನ್ನು ಇನ್ನೂ ಉಳಿಸಿಕೊಂಡಿರುವಷ್ಟು ಒರಟು. ಇದನ್ನು ಕೆಲವರು ಕಟ್ಟಿದವರ ಅಜಾಗರೂಕತೆಯೆನ್ನುತ್ತಾರೆ. ಪ್ರಯಾಸವನ್ನೆಲ್ಲ ಆರಂಭದಲ್ಲಿಯೇ ಇರಿಸಿದುದರಿಂದ ಏನಾಗುತ್ತದೆಂಬುದನ್ನು ಅವರು ಗಮನಿಸಲಿಲ್ಲ. ಉಸಿರು ಕಟ್ಟುತ್ತದೆ, ಕಾಲು ತಾನಾಗಿ ನಿಲ್ಲುತ್ತದೆ, ನಿಂತವನು ಕುಳಿತುಕೊಳ್ಳಲು ಮೆಟ್ಟಿಲಿನ ಮೇಲೆ ತಿರುಗಿಕೊಳ್ಳಬೇಕು, ತಿರುಗಿಕೊಂಡರೆ ಊರು. ನೋಡಬೇಕೆಂಬ ಸಂಕಲ್ಪವಿಲ್ಲದವನಿಗೂ ದಣಿವೇ ಕತ್ತು ಹಿಡಿದು ತೋರಿಸಿದಂತೆ, ಬಿಟ್ಟುಬಂದ ಬೀದಿಗಳು ಆಗಲೇ ಮರಗಳ ನಡುವೆ ಹುದುಗಿರುತ್ತವೆ. ಮುಂದಿನ ನಿಲುಗಡೆಯಲ್ಲಿ ರೇಸ್‌ಕೋರ್ಸಿನ ಹಸಿರು ವರ್ತುಲ, ಇನ್ನೊಂದರಲ್ಲಿ ಕಾರಂಜಿ ಕೆರೆಯ ಹೊಳಪು, ಅರಮನೆಯ ಗುಮ್ಮಟಗಳು, ಸಂತ ಫಿಲೋಮಿನಾ ಚರ್ಚಿನ ಜೋಡಿ ಶಿಖರ. ಪ್ರತಿಯೊಂದು ನಿಲುಗಡೆಯ ನಡುವಣ ಅಂತರವನ್ನು ನಿರ್ಣಯಿಸುವುದು ನಮ್ಮ ಶ್ವಾಸಕೋಶ. ಆದುದರಿಂದ ಒಬ್ಬನು ಕಂಡ ಮೈಸೂರನ್ನು ಇನ್ನೊಬ್ಬನು ಕಾಣಲಾರ.

ಇಳಿಯುವಾಗ ನೋಟ ಎದುರಿಗೇ ಇರುತ್ತದಲ್ಲ, ಅದೇ ಮೇಲಲ್ಲವೇ ಎಂದು ಕೇಳಬಹುದು. ಇಳಿದು ನೋಡಿದವರು ಹಾಗೆ ಕೇಳರು. ಇಳಿಯುವವನ ಕಣ್ಣು ಮುಂದಿನ ಮೆಟ್ಟಿಲಿನ ಅಂಚಿಗೆ ಕಟ್ಟುಬಿದ್ದಿರುತ್ತದೆ. ತಲೆಯೆತ್ತಿದರೆ ಕಾಲು ತಪ್ಪುತ್ತದೆ. ಊರು ಎದುರಿಗೆ ಹರಡಿಕೊಂಡಿದ್ದೂ ಅವನ ಪಾಲಿಗಿಲ್ಲ.

ಏಳುನೂರು ಮೆಟ್ಟಿಲು ಕಳೆದಮೇಲೆ ನಂದಿ. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದದ ಒಂದೇ ಬಂಡೆ. ಕೊರಳ ಗಂಟೆಸರದ ಒಂದೊಂದು ಕೊಂಡಿಯನ್ನೂ ಬಿಡಿಸಿ ಕಂಡರಿಸಿದ ಆ ವಿಗ್ರಹದ ಶಿಲ್ಪಗುಣವನ್ನು ಬಲ್ಲವರು ಬರೆದಿದ್ದಾರೆ. ನನಗೆ ಮುಖ್ಯವಾದುದು ಅದು ಇರುವ ಎಡೆ. ಅಷ್ಟು ದೂರ ಅಂಗೈಯಗಲದ ಕಲ್ಲುಗಳನ್ನೂ ದೂರದ ಚುಕ್ಕೆಗಳಂತಹ ಕಟ್ಟಡಗಳನ್ನೂ ಸರದಿಯ ಮೇಲೆ ನೋಡುತ್ತ ಬಂದ ಕಣ್ಣಿಗೆ, ಸಮೀಪದಲ್ಲಿಯೇ ಇದ್ದೂ ಬೃಹತ್ತಾದ ವಸ್ತುವೊಂದು ಮೊದಲ ಬಾರಿಗೆ ಎದುರಾಗುತ್ತದೆ. ಕಾರಿನಿಂದಿಳಿದವರಿಗೆ ಅದು ದೊಡ್ಡ ಬಸವ, ಅಷ್ಟೆ.

ಇಲ್ಲಿ ಕೆಲವರೊಡನೆ ಜಗಳವಾಡದೆ ಮುಂದೆ ಹೋಗಲಾರೆ. ಬೆಟ್ಟಗಳನ್ನು ಸುಲಭ, ಮಧ್ಯಮ, ಕಠಿಣವೆಂದು ವರ್ಗೀಕರಿಸಿ, ಇಂತಿಷ್ಟು ನಿಮಿಷವೆಂದು ಷರಾ ಬರೆಯುವ ಪ್ರವಾಸಲೇಖಕರದು ಒಂದು ಪಂಗಡ. ಅವರ ಗದ್ಯವು ಔಷಧದ ಚೀಟಿಯಂತಿರುತ್ತದೆಯಾದ್ದರಿಂದ ಬಿಟ್ಟುಬಿಡಬಹುದು. ಎರಡನೆಯದು ಎಣಿಕೆಯವರ ಪಂಗಡ. ಮೆಟ್ಟಿಲು ಸಾವಿರವೇ, ಸಾವಿರದ ಎಂಟೇ, ಅದಕ್ಕೂ ಹೆಚ್ಚೇ ಎಂಬ ವಾದದಲ್ಲಿ ಇವರು ಬೆಟ್ಟವನ್ನೇ ಮರೆತಿದ್ದಾರೆ. ಒಮ್ಮೆ ನನ್ನ ಮುಂದೆ ಅಜ್ಜಿಯೊಬ್ಬಳು ಮೊಮ್ಮಗಳನ್ನು ಕರೆದುಕೊಂಡು ಹರಕೆಯ ಮೆಟ್ಟಿಲು ಹತ್ತುತ್ತಿದ್ದಳು. ಅಜ್ಜಿ ಅರಿಸಿನದ ಬೆರಳೊತ್ತಿದ ಕಡೆ ಹುಡುಗಿ ಕುಂಕುಮವಿಡಬೇಕು. ಹುಡುಗಿ ಬಾಯಲ್ಲಿ ಲೆಕ್ಕ ಹಾಕುತ್ತ, ತಪ್ಪಿ, "ಎಷ್ಟಾಯ್ತಜ್ಜಿ?" ಎಂದಳು. ಅಜ್ಜಿ ಬಗ್ಗಿದಲ್ಲಿಂದಲೇ, "ಎಣುಸ್ಬ್ಯಾಡ ಕನವ್ವ, ಹಚ್ಕಂಡು ಬಾ" ಎಂದಳು. ಎಣಿಕೆಯ ಪಂಡಿತರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರ ನನ್ನಲ್ಲಿಲ್ಲ.

ಮೂರನೆಯವರು ನಿಜವಾದ ಪ್ರತಿಪಕ್ಷದವರು. ಈ ದಾರಿ ದೇವಿಯ ದರ್ಶನಕ್ಕಾಗಿ ಇರುವುದು, ನೋಟದ ಮಾತನ್ನು ಇಲ್ಲಿ ತರುವುದು ಲಘುತ್ವವೆಂಬುದು ಅವರ ಆಕ್ಷೇಪ. ನಾನು ಒಪ್ಪೆ. ದರ್ಶನವೆಂಬ ಶಬ್ದವನ್ನೇ ಬಳಸುತ್ತ, ನೋಡುವ ಕ್ರಿಯೆಯನ್ನು ಹೊರಗಿಡುವುದು ಹೇಗೆ? ಮೆಟ್ಟಿಲಿನ ಮೇಲೆ ಕುಳಿತು ಊರಿನ ಕಡೆಗೆ ಕೈಚಾಚಿ "ಅಗೋ ನಮ್ಮ ಬೀದಿ" ಎನ್ನುವ ಹರಕೆಯವರನ್ನು ನಾನು ಪ್ರತಿಸಲವೂ ಕಂಡಿದ್ದೇನೆ. ಅವರ ಭಕ್ತಿಗೆ ಅದರಿಂದ ಕುಂದು ಬಂದಂತೆ ಕಾಣಲಿಲ್ಲ. ಆಷಾಢ ಶುಕ್ರವಾರದ ನೂಕುನುಗ್ಗಲಿನಲ್ಲಿ, ನಿಲ್ಲುವುದಕ್ಕೂ ಎಡೆಯಿಲ್ಲದಾಗ ಮಾತ್ರ ಅವರ ವಾದ ಸರಿಯಾಗುತ್ತದೆ.

ದೋಷಗಳಿಲ್ಲವೆನ್ನಲಾರೆ. ನಂದಿಯಿಂದ ಮೇಲಿನ ಮುನ್ನೂರು ಮೆಟ್ಟಿಲುಗಳು ದುರ್ಬಲ: ಏರು ಸಪ್ಪಗಾಗುತ್ತದೆ, ನಿಲ್ಲಲು ಕಾರಣವಿಲ್ಲದೆ ತಿರುಗಲು ನೆಪವಿಲ್ಲ, ತುದಿಯಲ್ಲಿ ಅಂಗಡಿಸಾಲು, ಬಹುಮಹಡಿಯ ವಾಹನ ನಿಲ್ದಾಣ. ಗೋಪುರ ಕಾಣುವ ಹೊತ್ತಿಗೆ ಹತ್ತಿದವನೂ ಕಾರಿನವನೂ ಒಂದೇ ಜನಜಂಗುಳಿಯಾಗಿಬಿಡುತ್ತಾರೆ. ಇಷ್ಟನ್ನು ಕಳೆದರೂ ಉಳಿಯುವ ಏಳುನೂರು ಮೆಟ್ಟಿಲುಗಳಿಗೆ, ಅದೇ ಬೆಟ್ಟದ ರಸ್ತೆಯ ತಿರುವಿನಲ್ಲಿ ಕಂಬಿ ಹಾಕಿ ನಿಲ್ಲಿಸಿರುವ ಪ್ರಸಿದ್ಧ ವ್ಯೂ ಪಾಯಿಂಟು ಸಾಟಿಯಲ್ಲ. ನಂದಿಬೆಟ್ಟದ ಸೂರ್ಯೋದಯವಂತೂ ದೂರವೇ ಉಳಿಯಿತು.

ಮೈಸೂರಿಗೆ ಬರುವ ಓದುಗರು ಬೆಳಗ್ಗೆ ಆರಕ್ಕೆ ಪಾದದ ಬಳಿ ಆಟೋ ಇಳಿಯಲಿ. ಮೊದಲ ಸಲ ಉಸಿರು ಕಟ್ಟುವವರೆಗೆ ತಿರುಗಬೇಡಿ. ನಂದಿಯ ಬಳಿ ಕುಳಿತೆದ್ದು, ಮೇಲೆ ಹೋಗುವ ಮನಸ್ಸಿದ್ದರೆ ಹೋಗಿ. ಮರಳುವಾಗ ಮೆಟ್ಟಿಲು ಇಳಿಯುವ ಹಟ ಬೇಡ, ಬೆಟ್ಟದ ಮೇಲಿನಿಂದ ಊರಿಗೆ ಸಿಟಿ ಬಸ್ಸು ಇದೆ.