ಉಪ್ಪಿನಕುದ್ರುವಿನ ಮುಖಗಳು

ಕುಂದಾಪುರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಗಳನ್ನು ಆಟ ಮುಗಿದ ಮೇಲೂ ಒಮ್ಮೆ ಹತ್ತಿರದಿಂದ ನೋಡಬೇಕು. ಎತ್ತರ ಸುಮಾರು ಒಂದೂವರೆ ಅಡಿ. ಅಷ್ಟರಲ್ಲೇ ಬಡಗುತಿಟ್ಟಿನ ವೇಷ ಪೂರ್ತಿ ಬಂದಿರುತ್ತದೆ. ಅಭಿಮನ್ಯುವಿನಂಥ ಎಳೆಯ ವೀರನಿಗೆ ಕೇದಗೆ ಮುಂದಲೆ, ಕರ್ಣಾರ್ಜುನರಿಗೆ ಮುಂಡಾಸು. ಎದೆಗೆ ಎದೆಕಟ್ಟು, ಹೆಗಲಿಗೆ ಭುಜಕೀರ್ತಿ. ವೇಷಧಾರಿಯ ಮೈಮೇಲೆ ಇರುವುದರಲ್ಲಿ ಒಂದನ್ನೂ ಕೈಬಿಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಬೆರಗು ಆ ಮುಖಗಳದ್ದು. ಬೇರೊಂದು ಕೆತ್ತನೆಯೊಡನೆ ಹೋಲಿಸಿ ನೋಡಿ: ಇಂಗ್ಲೆಂಡಿನಲ್ಲಿ 19ನೇ ಶತಮಾನದ ಕೆತ್ತನೆಗಾರ ವಿಲಿಯಂ ರಾಫ್ ಅಮೃತಶಿಲೆಯ ಶಿಲ್ಪಗಳನ್ನು ಮುದ್ರಣಕ್ಕಾಗಿ ಲೋಹದ ಫಲಕಕ್ಕೆ ಇಳಿಸುತ್ತಿದ್ದ. ಅಲ್ಲಿ ಅಲುಗದ ಕಲ್ಲು ಅಲುಗದ ಕಾಗದಕ್ಕೆ ಬಂತು. ಇಲ್ಲಿ ಕೆತ್ತಿದ ಮುಖ ಕುಣಿಯಬೇಕು, ಕೆರಳಬೇಕು, ಅಳಬೇಕು. ಹುಬ್ಬು ಏರುವುದಿಲ್ಲ, ತುಟಿ ಅಲುಗುವುದಿಲ್ಲ. ಆದರೂ ದಾರ ಎಳೆದು ತಲೆಯನ್ನು ತುಸು ಬಾಗಿಸಿದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ ಬಿದ್ದು ಅದೇ ಮುಖ ದುಃಖಕ್ಕೆ ತಿರುಗುತ್ತದೆ. ಗಲ್ಲ ಎತ್ತಿದರೆ ಬೆಳಕು ನೇರ ಬಿದ್ದು ಪೌರುಷ ಕಾಣುತ್ತದೆ. ಒಂದೇ ಭಾವಕ್ಕೆ ಬಿಗಿಯದೆ ಮುಖ ಕೆತ್ತುವುದು ಎಂಥ ಸಂಯಮದ ಕೆಲಸ! ಉಳಿ ಒಂದು ಗೀರು ಹೆಚ್ಚು ಇಳಿದರೂ ನಗು ಖಾಯಂ ಆಗಿಬಿಡುತ್ತದೆ.

ಉಪ್ಪಿನಕುದ್ರುವಿನ ಕಾಮತ್ ಮನೆತನ ತಲೆಮಾರುಗಳಿಂದ ಈ ಗೊಂಬೆಯಾಟದ ವಿದ್ಯೆಯನ್ನು ಉಳಿಸಿಕೊಂಡು ಬಂದಿದೆ. ಕೊಗ್ಗ ಕಾಮತರಿಗೆ 1980ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಅವರ ಮಗ ಭಾಸ್ಕರ ಕೊಗ್ಗ ಕಾಮತರು ಗೊಂಬೆಗಳನ್ನು ವಿದೇಶದ ರಂಗಗಳಿಗೂ ಕೊಂಡೊಯ್ದರು. ಕನ್ನಡದ ಒಂದು ಮಾತೂ ಅರಿಯದ ಪ್ರೇಕ್ಷಕರಿಗೂ ಆ ಮರದ ಮುಖದ ಸಿಟ್ಟು ಅರ್ಥವಾಗುತ್ತದೆ.