ಓರೆ ಅಕ್ಷರದ ಗಟ್ಟಿ ದನಿ: ಫ್ಯೂಚುರಾ ಬೋಲ್ಡ್ ಒಬ್ಲಿಕ್ ಮತ್ತು ಗಡಿಯ ಕನ್ನಡ ಫಲಕ

ಸ್ಲೈಡ್ ಕಾಣ್ತದ ಅಂದ್ಕೊಂಡೀನಿ. ಇವತ್ತು ಒಂದೇ ಅಕ್ಷರವಿನ್ಯಾಸದ ಬಗ್ಗೆ ಮಾತಾಡ್ತೀನಿ: ಫ್ಯೂಚುರಾ ಬೋಲ್ಡ್ ಒಬ್ಲಿಕ್. ದಪ್ಪ, ಬಲಕ್ಕೆ ವಾಲಿದ, ಸೆರಿಫ್ ಇಲ್ಲದ ರೋಮನ್ ಅಕ್ಷರ. ಅದರ ಬಲ ಎಲ್ಲಿಂದ ಬಂತು, ಅದನ್ನು ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಫಲಕಕ್ಕೆ ಹಂಗೇ ತರಬಹುದೇ ಅನ್ನೋದು ನನ್ನ ಪ್ರಶ್ನೆ.

ಪಾಲ್ ರೆನ್ನರ್ ರೂಪಿಸಿದ ಫ್ಯೂಚುರಾ 1927ರಲ್ಲಿ ಜರ್ಮನಿಯ ಬಾವರ್ ಅಚ್ಚುಮೊಳೆ ಸಂಸ್ಥೆಯಿಂದ ಹೊರಬಂತು. ವೃತ್ತ, ತ್ರಿಕೋನ, ನೇರಗೆರೆ ಅದರ ಮೂಲ ಆಕಾರಗಳು. ಇಟಾಲಿಕ್ ಕೈಬರಹದಿಂದ ಹುಟ್ಟಿದ್ದು. ಇದರ ಓರೆ ರೂಪ ಹಂಗಲ್ಲ, ನೆಟ್ಟಗಿನ ಅಕ್ಷರವೇ ವಾಲಿ ನಿಂತದ್ದು. ಹಂಗಾಗಿ ಇಲ್ಲಿ ಬಳುಕು ಕಡಿಮೆ, ಮುನ್ನುಗ್ಗುವ ಒತ್ತಡ ಹೆಚ್ಚು.

ಪತ್ರಿಕೆಗಳಲ್ಲಿ ಪುಟವಿನ್ಯಾಸ ಮಾಡಿದ್ದ ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್ ಈ ಒತ್ತಡವನ್ನು ಚೆನ್ನಾಗಿ ಬಳಸಿದರು. ಕಪ್ಪು-ಬಿಳುಪು ಚಿತ್ರದ ಮೇಲೆ ಕೆಂಪು ಪಟ್ಟಿ, ಅದರೊಳಗೆ ಬಿಳಿ ಓರೆ ಅಕ್ಷರ: ಜಾಹೀರಾತಿನ ದನಿಯಲ್ಲೇ ಜಾಹೀರಾತನ್ನು ಪ್ರಶ್ನಿಸಿದರು. 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಸುಪ್ರೀಮ್ ಬಟ್ಟೆ ಕಂಪನಿಯ ಲಾಂಛನದಲ್ಲೂ ಅದೇ ಕೆಂಪು, ಅದೇ ಬಿಳಿ, ಅದೇ ಓರೆ. ಪ್ರಶ್ನೆ ಹೋಗಿ ಮತ್ತೆ ಸರಕೇ ಬಂತು. ಇದರಿಂದ ಆಕಾರಕ್ಕೆ ಅರ್ಥವೇ ಇಲ್ಲ, ಬಳಕೆಯೇ ಎಲ್ಲ ಅಂತ ಹೇಳಿಬಿಡೋದು ಸುಲಭ. ನಾನು ಒಪ್ಪೋದಿಲ್ಲ. ಲಿಪಿ ಬದಲಾದರೆ ಆಕಾರ ತನ್ನ ಲೆಕ್ಕ ಕೇಳೇ ಕೇಳ್ತದ.

ಅಂಗಡಿಯ ಹೆಸರು ‘ಧನಲಕ್ಷ್ಮಿ’ ಅಂತ ಇಟ್ಕೊಳ್ರಿ. ಕಂಪ್ಯೂಟರಿನಲ್ಲಿ ದಪ್ಪ ಮಾಡಿದ್ರೆ ‘ಧ’ದ ಕೆಳಗಿನ ಸೀಳು ಮುಚ್ಚಿಕೊಂಡು ‘ದನಲಕ್ಷ್ಮಿ’ ಆಗೋ ಅಪಾಯ ಅದ. ನಗಬ್ಯಾಡ್ರಿ, ಪೂರ್ತಿ ಅರ್ಥವೇ ಆ ಸೀಳಿನಲ್ಲಿ ನಿಂತದ. ಇನ್ನು 12 ಡಿಗ್ರಿ ವಾಲಿಸಿದ್ರೆ, ಅಕ್ಷರ ಕೂರುವ ಗೆರೆಯಿಂದ 100 ಮಿಲಿಮೀಟರ್ ಕೆಳಗಿನ ಬಿಂದು ಸುಮಾರು 21 ಮಿಲಿಮೀಟರ್ ಎಡಕ್ಕೆ ಸರೀತದ. ಅಷ್ಟೇ ಮೇಲಿನದು ಅಷ್ಟೇ ಬಲಕ್ಕೆ. ಅಂದ್ರೆ ‘ಕ್ಷ್ಮಿ’ಯ ಒತ್ತುಗಳು ಹಿಂದಕ್ಕೆ, ಗುಡಿಸು ಮುಂದಕ್ಕೆ. ರೋಮನ್ ಅಕ್ಷರದಾಗ ಗೆರೆಯ ಕೆಳಗೆ ಇಷ್ಟು ಸಂಸಾರ ಇಲ್ಲ. ಪಕ್ಕದ ಮರಾಠಿ ಸಾಲನ್ನು ಹಿಡಿದಿಡಲು ಶಿರೋರೇಖೆ ಅದ. ವಾಲಿಸಿದ್ರೂ ಅದು ಅಡ್ಡಗೆರೆಯಾಗೇ ಉಳೀತದ. ಕನ್ನಡದ ತಲೆಕಟ್ಟುಗಳು ಬಿಡಿಬಿಡಿ. ಹಂಗಾಗಿ ಮೂರು ಲಿಪಿಯ ಫಲಕವನ್ನು ಒಂದೇ ಗುಂಡಿ ಒತ್ತಿ ವಾಲಿಸಿದ್ರೆ ಹೆಚ್ಚು ಪೆಟ್ಟು ತಿನ್ನೋದು ಕನ್ನಡವೇ.

ಇದು ಬರೀ ಚಂದದ ಮಾತಲ್ಲ. ಮನೆಯಾಗ ಕನ್ನಡ ಆಡಿ ಶಾಲೆಯಾಗ ಮರಾಠಿ ಓದೋ ಹುಡುಗರಿಗೆ ದಿನಾ ಕಾಣೋ ಕನ್ನಡ ಅಂದ್ರೆ ಬಹಳ ಸಲ ಫಲಕವೇ. ಅದೂ ಓದಾಕ ಬರದಿದ್ರೆ ಕನ್ನಡವೇ ಕಠಿಣ ಅಂತ ತಿಳ್ಕೋತಾರ.

ಓರೆ ಬ್ಯಾಡ ಅಂತ ನಾನು ಹೇಳೂದಿಲ್ಲ. ಕನ್ನಡಕ್ಕೆ ಓರೆ ಬೇಕಾದ್ರೆ ಒತ್ತಿನ ಜಾಗ, ಸೀಳಿನ ಅಗಲ ಹೊಸದಾಗಿ ನಿರ್ಧರಿಸಿ ಬರೀಬೇಕು. ಅಲ್ಲೀತನಕ ನೆಟ್ಟಗಿನ ದಪ್ಪ ಅಕ್ಷರ, ಸುತ್ತ ಒಂದಿಷ್ಟು ಬಯಲು, ಗಾಢ ಬಣ್ಣ ಸಾಕು. ಗಟ್ಟಿಯಾಗಿ ಮಾತಾಡಾಕ ವಾಲಲೇಬೇಕು ಅಂತೇನಿಲ್ಲ. ನಿಮ್ಮ ಪ್ರಶ್ನೆ ಕೇಳ್ರಿ.